ಕಲೆಯ ಹಿಮ

ವೇಣಿ ನಮ್ಮೊಂದಿಗಿದ್ದ ಕೊನೆಯ ಸಾಧಾರಣ ದಿನ ಒಂದು ಭಾನುವಾರ. ಅಂದು ನಾನು, ನನ್ನ ಹೆಂಡತಿ ವೇಣಿ, ಮಗಳು ಮೇಘಾ ಮೂವರೂ ಜರ್ಮನಿಯ ಆಖೆನ್‌ನಿಂದ ಮೂರು ಗಂಟೆ ಕಾರಿನಲ್ಲಿ ಹೋಗಿ, ಪೈಪಿನಿಂದ ಬಂದ ಹಿಮದ ಮೇಲೆ ಜಾರಿ, ಬಿದ್ದು, ಎದ್ದು, ಮತ್ತೆ ಮೂರು ಗಂಟೆ ಕಾರಿನಲ್ಲಿ ಕೂತು ವಾಪಸ್ ಬಂದೆವು. ಹೇಳಿಕೊಳ್ಳುವಂಥದ್ದೇನೂ ನಡೆಯಲಿಲ್ಲ. ಡಬ್ಬಿಯಲ್ಲಿದ್ದ ಚಿತ್ರಾನ್ನ ತಣ್ಣಗಾಗಿ ಕಲ್ಲಾಗಿತ್ತು. ನನ್ನ ಎಡ ಮಂಡಿ ಊದಿತ್ತು. ಮೇಘಾಳಿಗೆ ನಮ್ಮಿಬ್ಬರ ಬಗ್ಗೆ ಹನ್ನೆರಡು ವರ್ಷದ ಹುಡುಗಿಗೆ ಇರಬೇಕಾದಷ್ಟು ನಾಚಿಕೆಯಾಗಿತ್ತು. ಸಾಧಾರಣ ದಿನಗಳು ತಮ್ಮ ಬಗ್ಗೆ ಏನನ್ನೂ ಹೇಳಿಕೊಳ್ಳುವುದಿಲ್ಲ. ಹೇಳಿದ್ದರೆ ನಾನು ಆ ದಿನ ಮಂಡಿಯ ವಿಷಯ ಅಷ್ಟು ಮಾತಾಡುತ್ತಿರಲಿಲ್ಲ.

ಪೈಪಿನಿಂದ ಬಂದ ಹಿಮ ಎಂದೆನಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಾವು ಹೋದದ್ದು ಸಾವರ್‌ಲಾಂಡ್ ಎಂಬ ಸೀಮೆಯ ಒಂದು ಚಿಕ್ಕ ಸ್ಕೀ ತಾಣಕ್ಕೆ. ಸಿನಿಮಾದ ಹಾಡಿನಲ್ಲಿ ನಾಯಕಿ ತೆಳು ಸೀರೆಯುಟ್ಟು ನಡುಗುವುದನ್ನು ಕುಣಿತವೆಂದು ತೋರಿಸುತ್ತಾರಲ್ಲ, ಆ ಆಲ್ಪ್ಸ್ ಪರ್ವತ ಇದಲ್ಲ. ಇಲ್ಲಿಯವರು ಪರ್ವತ ಎನ್ನುವುದನ್ನು ನಮ್ಮ ತುಮಕೂರಿನ ಕಡೆ ಗುಡ್ಡ ಎಂದು ಕರೆದು, ನೆತ್ತಿಯ ಮೇಲೊಂದು ಬಾವುಟ ನೆಟ್ಟು ಸುಮ್ಮನಾಗುತ್ತಾರೆ. ಆದರೆ ಪಕ್ಕದ ಹಾಲೆಂಡಿನಲ್ಲಿ ಅಷ್ಟೂ ಇಲ್ಲ. ಹಾಗಾಗಿ ಅಲ್ಲಿನವರು ಕಾರುಗಟ್ಟಲೆ ಬಂದು, ಈ ಗುಡ್ಡವನ್ನು ತಲೆ ಎತ್ತಿ ನೋಡಿ, ಗೌರವದಿಂದ ಉಸಿರು ಬಿಡುತ್ತಾರೆ. ಮೊದಲು ಇಲ್ಲಿ ಚಳಿಗಾಲ ಪೂರ್ತಿ ಹಿಮ ತಾನಾಗಿ ಬೀಳುತ್ತಿತ್ತಂತೆ. ಈಗ ಆಕಾಶಕ್ಕೆ ಮನಸ್ಸು ಬಂದರೆ ಹಿಮ, ಇಲ್ಲದಿದ್ದರೆ ಜಿಟಿಜಿಟಿ ಮಳೆ. ಆಕಾಶವನ್ನು ನಂಬಿಕೊಂಡು ಹೋಟೆಲು ನಡೆಸಲಾಗುತ್ತದೆಯೇ? ಆದ್ದರಿಂದ ಇಳಿಜಾರಿನ ಉದ್ದಕ್ಕೂ ಯಂತ್ರಗಳನ್ನು ನಿಲ್ಲಿಸಿದ್ದಾರೆ. ನೋಡಲು ವಿಮಾನದ ಇಂಜಿನನ್ನು ಕಿತ್ತು ಸ್ಟ್ಯಾಂಡಿಗೆ ಏರಿಸಿದ ಹಾಗಿರುತ್ತವೆ. ಒಳಗೊಂದು ದೊಡ್ಡ ಫ್ಯಾನು, ಬಾಯಿಯ ಸುತ್ತ ಸಣ್ಣ ತೂತುಗಳ ಬಳೆ. ಜರ್ಮನ್ನರು ಇದಕ್ಕೆ ಹಿಮದ ಫಿರಂಗಿ ಎನ್ನುತ್ತಾರೆ. ಫಿರಂಗಿಯ ಬಾಯಿಂದ ನೀರು ಸಣ್ಣ ಹನಿಗಳಾಗಿ ಹಾರುತ್ತದೆ, ನೆಲಕ್ಕೆ ಬೀಳುವಷ್ಟರಲ್ಲಿ ಹಿಮವಾಗಿರುತ್ತದೆ.

ನಾನು ತುಮಕೂರಿನ ಪಾಲಿಟೆಕ್ನಿಕ್ಕಿನಲ್ಲಿ ಡಿಪ್ಲೊಮಾ ಮಾಡಿದವನು. ಅದಕ್ಕಿಂತ ಹೆಚ್ಚು ಓದಿಲ್ಲ. ಆಖೆನ್‌ನ ಒಂದು ಕಾರ್ಖಾನೆಯಲ್ಲಿ ಕಂಪ್ರೆಸರ್ ನೋಡಿಕೊಳ್ಳುವುದು ನನ್ನ ಕೆಲಸ. ಇಂಥವನನ್ನು ಸ್ಕೀ ತಾಣಕ್ಕೆ ಕರೆದುಕೊಂಡು ಹೋದರೆ ಏನಾಗುತ್ತದೆಂದು ನೀವೇ ಊಹಿಸಿ. ಬೇರೆ ಗಂಡಸರು ನೆತ್ತಿಯಿಂದ ಕಣಿವೆಯ ಸೊಬಗು ನೋಡುತ್ತಿದ್ದರೆ ನಾನು ಫಿರಂಗಿಯ ಹಿಂಬದಿಗೆ ಹೋಗಿ ಗೇಜಿನ ಮುಳ್ಳು ಎಲ್ಲಿ ನಿಂತಿದೆ ಎಂದು ನೋಡುತ್ತೇನೆ. ಮದುವೆಯ ಮನೆಗೆ ಹೋಗಿ ಜನರೇಟರಿನ ಪಕ್ಕ ನಿಲ್ಲುವವರು ಇರುತ್ತಾರಲ್ಲ, ನಾನು ಆ ಜಾತಿ.

ವೇಣಿ ದಾವಣಗೆರೆಯವಳು, ಯಾವುದರ ಪಕ್ಕದಲ್ಲೂ ಸುಮ್ಮನೆ ನಿಲ್ಲುವವಳಲ್ಲ. ಆಗ ಅವಳು ಜರ್ಮನ್ ಕ್ಲಾಸಿಗೆ ಹೋಗುತ್ತಿದ್ದಳು. ಅಲ್ಲಿ ಕಲಿತ ಪದಗಳನ್ನು ಹೊಸ ಬಳೆ ತೊಟ್ಟವರ ಹಾಗೆ ಎಲ್ಲರ ಮುಂದೆ ಆಡಿಸುತ್ತಿದ್ದಳು. ಅಂದು ಟಿಕೆಟ್ ಕೌಂಟರಿನ ಪಕ್ಕ ಒಂದು ಹಲಗೆ ಇತ್ತು. ಅದರ ಮೇಲೆ ದೊಡ್ಡದಾಗಿ ‘ಕುನ್ಸ್ಟ್‌ಶ್ನೇ’ ಎಂದು ಬರೆದಿತ್ತು. ಶ್ನೇ ಎಂದರೆ ಹಿಮ ಎಂಬುದು ನನಗೂ ಗೊತ್ತಿತ್ತು. ವೇಣಿಗೆ ಅದರ ಹಿಂದಿನ ತುಂಡೂ ಗೊತ್ತಿತ್ತು. ಆ ವಾರವೇ ಕ್ಲಾಸಿನಲ್ಲಿ ಬಂದಿತ್ತು: ಕುನ್ಸ್ಟ್ ಎಂದರೆ ಕಲೆ.

“ರೀ, ಇವತ್ತು ಇಲ್ಲಿ ಕಲಾ ಪ್ರದರ್ಶನ ಐತೆ ನೋಡ್ರಿ. ಹಿಮದಾಗೆ ಮೂರ್ತಿ ಮಾಡಿರ್ತಾರೆ.”

“ಇರಲ್ಲ ಕಣೇ. ಬೇರೆ ಏನೋ ಇರ್ಬೇಕು.”

“ಕ್ಲಾಸಿಗೆ ನೀವು ಹೋಗಿದೀರೋ, ನಾನು ಹೋಗಿದೀನೋ?”

ವೇಣಿ ಮಂಕಿ ಕ್ಯಾಪನ್ನು ಗದ್ದದ ಕೆಳಕ್ಕೆ ಎಳೆದುಕೊಂಡು ಕೌಂಟರಿನ ಕಿಂಡಿಗೆ ಬಗ್ಗಿ, ಕಲೆ ಎಲ್ಲಿದೆ ಎಂದು ಶುದ್ಧ ಜರ್ಮನ್‌ನಲ್ಲಿ ಕೇಳಿದಳು. ಕಿಂಡಿಯಾಚೆಯ ಹೆಂಗಸು ಇನ್ನೊಮ್ಮೆ ಕೇಳಿ ಎಂದಳು. ವೇಣಿ ಇನ್ನೊಮ್ಮೆ, ಈ ಸಲ ಸಾಲಿನಲ್ಲಿದ್ದ ಹಾಲೆಂಡಿನವರಿಗೆಲ್ಲ ಕೇಳಿಸುವ ಹಾಗೆ, ಕೇಳಿದಳು.

“ಮಮ್ಮಾ, ಪೈನ್‌ಲಿಶ್!” ಎಂದು ಮೇಘಾ ಕೈಗವಸಿನೊಳಗೆ ಮುಖ ಹುದುಗಿಸಿದಳು. ಪೈನ್‌ಲಿಶ್ ಎಂದರೆ ಮಾನ ಹೋಗುತ್ತಿದೆ ಎಂದರ್ಥ. ಈ ದೇಶದಲ್ಲಿ ಬೆಳೆಯುವ ಮಕ್ಕಳು ಅಪ್ಪ ಅಮ್ಮನ ಜೊತೆ ಹೊರಗೆ ಹೋದಾಗ ಉಸಿರಿನ ಬದಲು ಈ ಪದವನ್ನು ಬಿಡುತ್ತಾರೆ.

ಪಕ್ಕದಲ್ಲಿ ಕೊಳವೆಯ ಸುರುಳಿ ಹೊತ್ತು ನಿಂತಿದ್ದ ಒಬ್ಬ ದಪ್ಪ ಮೀಸೆಯ ಮನುಷ್ಯ ಇದನ್ನೆಲ್ಲ ಕೇಳಿಸಿಕೊಂಡಿದ್ದ. ಯಂತ್ರಗಳನ್ನು ನೋಡಿಕೊಳ್ಳುವವನು ಅವನೇ. ಅವನ ಹುದ್ದೆಯ ಹೆಸರು ಶ್ನೇಮೈಸ್ಟರ್, ಎಂದರೆ ಹಿಮದ ಮೇಸ್ತ್ರಿ. ಇದು ನನ್ನ ಅನುವಾದವಲ್ಲ. ಮೈಸ್ಟರ್ ಮತ್ತು ಮೇಸ್ತ್ರಿ ನಿಜವಾಗಿಯೂ ದಾಯಾದಿಗಳಂತೆ. ಒಂದು ಈ ಕಡೆ ಉಳಿಯಿತು, ಇನ್ನೊಂದು ಪೋರ್ಚುಗೀಸರ ಹಡಗು ಹತ್ತಿ ನಮ್ಮ ಕಡೆಗೆ ಬಂದು ಗಾರೆ ಕೆಲಸಕ್ಕೆ ಸೇರಿಕೊಂಡಿತು. ಈ ಮೇಸ್ತ್ರಿ ನಗಲಿಲ್ಲ. ಗಂಭೀರವಾಗಿ ವೇಣಿಯನ್ನು ಹತ್ತಿರದ ಫಿರಂಗಿಯ ಬಳಿಗೆ ಕರೆದುಕೊಂಡು ಹೋಗಿ, ಅದರ ಬೆನ್ನು ತಟ್ಟಿ, “ಇದೇ ಕಲೆ, ತಾಯೀ” ಎನ್ನುವ ಧಾಟಿಯಲ್ಲಿ ಏನೋ ಹೇಳಿದ. ಕುನ್ಸ್ಟ್ ಎಂಬುದನ್ನು ಇನ್ನೊಂದರ ಮುಂದೆ ಅಂಟಿಸಿದರೆ ಕೃತಕ ಎಂದಾಗುತ್ತದೆ ಎಂದು ಆಮೇಲೆ ತಿಳಿಯಿತು. ಅದು ವೇಣಿಯ ಪುಸ್ತಕದಲ್ಲಿ ಮುಂದಿನ ಪಾಠದಲ್ಲಿತ್ತು.

ವೇಣಿ ಸೋತವಳಲ್ಲ. ಸೋತರೂ ಒಪ್ಪಿದವಳಲ್ಲ. ಕುರ್ಚಿಯ ಲಿಫ್ಟಿನಲ್ಲಿ ನೆತ್ತಿಗೆ ಹೋಗಿ ಕೆಳಗೆ ನೋಡಿದೆವು. ಗುಡ್ಡವೆಲ್ಲ ಒದ್ದೆ ಹುಲ್ಲಿನ ಬಣ್ಣ. ನಡುವೆ ಯಂತ್ರಗಳು ಉಗುಳಿದ ಒಂದೇ ಒಂದು ಬಿಳಿಯ ಪಟ್ಟಿ, ಅಂಕುಡೊಂಕಾಗಿ ಕಾರ್ ಪಾರ್ಕಿನವರೆಗೆ.

“ಕಲೆ ಅಂದಿದ್ದು ಸರಿಯಾಗೇ ಐತಲ್ರಿ” ಎಂದಳು. “ಹಸಿರು ಸೀರೆ ಮ್ಯಾಲೆ ಸುಣ್ಣ ಚೆಲ್ಲಿದಂಗೆ. ಎಷ್ಟು ತಿಕ್ಕಿದ್ರೂ ಹೋಗಲ್ಲ ಇದು.”

ಚಿತ್ರ ಬರೆಯುವುದಕ್ಕೂ ಬಟ್ಟೆಗೆ ಸಾರು ಚೆಲ್ಲಿಕೊಳ್ಳುವುದಕ್ಕೂ ಒಂದೇ ಪದವನ್ನು ಇಟ್ಟುಕೊಂಡ ನಮ್ಮ ಭಾಷೆಯ ಬಗ್ಗೆ ನನಗೆ ಆ ದಿನದಿಂದ ಗೌರವ ಹೆಚ್ಚಾಗಿದೆ. ಕೃತಕ ಎಂಬ ಪದವೂ ಹಾಗೆಯೇ. ಯೋಚಿಸಿ ನೋಡಿ, ಕೃತಕ ಎಂದರೆ ಮಾಡಿದ್ದು ಎಂದಷ್ಟೇ. ಇಡ್ಲಿಯೂ ಮಾಡಿದ್ದೇ. ಹೋಗುತ್ತ ಹೋಗುತ್ತ ಅದಕ್ಕೆ ಬೈಗುಳದ ಬಣ್ಣ ಬಂತು.

ಇನ್ನು ಈ ಮಾಡಿದ ಹಿಮದ ಗುಣ. ವೇಣಿ ಅದನ್ನು ಮುಷ್ಟಿಯಲ್ಲಿ ಹಿಡಿದು, ಉಜ್ಜಿ, ಬಾಯಿಗೂ ಹಾಕಿಕೊಂಡು ಪರೀಕ್ಷೆ ಮಾಡಿದಳು. ಅವಳು ಹುಟ್ಟಿ ಬೆಳೆದದ್ದು ಮಂಡಕ್ಕಿ ಭಟ್ಟಿಗಳ ಓಣಿಯಲ್ಲಿ. ಕಾದ ಮರಳಿನಲ್ಲಿ ಅಕ್ಕಿ ಅರಳಿ ಬೆಳ್ಳಗಾಗುವುದನ್ನು ನೋಡುತ್ತ ದೊಡ್ಡವಳಾದವಳು. ಬಿಳಿಯ ಪದಾರ್ಥಗಳನ್ನು ತಯಾರಿಸುವ ವಿಷಯದಲ್ಲಿ ಅವಳ ಮಾತಿಗೆ ತೂಕವಿತ್ತು. “ನಮ್ಮೂರಾಗೆ ಬೆಂಕಿ ಹಾಕಿ ಬೆಳ್ಳಗೆ ಮಾಡ್ತಾರೆ, ಇವ್ರು ನೀರು ಹಾಕಿ ಮಾಡ್ತಾರೆ. ಮ್ಯಾಲಿಂದ ಬೀಳೋ ಹಿಮ ಅವಲಕ್ಕಿ, ಇದು ರವೆ” ಎಂದು ತೀರ್ಪು ಕೊಟ್ಟಳು. ವಿಜ್ಞಾನವೂ ಅದನ್ನೇ ಹೇಳುತ್ತದೆ. ಮೋಡದಲ್ಲಿ ಹಿಮದ ಹರಳು ನಿಧಾನವಾಗಿ, ಆರು ಕೈಗಳನ್ನು ಚಾಚಿಕೊಂಡು ಬೆಳೆಯುತ್ತದೆ. ಯಂತ್ರದ ಹನಿಗೆ ಕೈಕಾಲು ಚಾಚಲು ಪುರುಸೊತ್ತಿಲ್ಲ. ಬಾಯಿಂದ ಹೊರಬಿದ್ದು ನೆಲ ಮುಟ್ಟುವಷ್ಟರಲ್ಲಿ ಗಟ್ಟಿಯಾಗಬೇಕು, ಗುಂಡಗೇ ಉಳಿಯುತ್ತದೆ.

ಹನಿ ಅಷ್ಟು ಬೇಗ ತಣ್ಣಗಾಗುವುದು ಹೇಗೆ ಎಂದು ಮೇಘಾಳಿಗೆ ವಿವರಿಸಲು ಹೊರಟೆ. ನಮ್ಮ ಮಣ್ಣಿನ ಮಡಕೆಯ ತತ್ವವೇ ಇಲ್ಲಿಯದೂ. ಮಡಕೆ ಬೆವರುತ್ತದೆ, ಬೆವರು ಆರುವಾಗ ಒಳಗಿನ ನೀರನ್ನು ತಂಪು ಮಾಡುತ್ತದೆ. ಹಾಗೆಯೇ ಹಾರುವ ಹನಿಯ ಒಂದಿಷ್ಟು ಆವಿಯಾಗಿ ಹೋಗುತ್ತ ಉಳಿದದ್ದನ್ನು ಹೆಪ್ಪುಗಟ್ಟಿಸುತ್ತದೆ. ದಾವಣಗೆರೆಯ ಒಣ ಬೇಸಗೆಯಲ್ಲಿ ಮಡಕೆಯ ನೀರು ಹಲ್ಲು ಜುಮ್ಮೆನ್ನಿಸುತ್ತದೆ, ಮಂಗಳೂರಿನ ಜಿಗುಟು ಸೆಕೆಯಲ್ಲಿ ಅದೇ ಮಡಕೆ ಸೋಮಾರಿ. ಹಿಮದ ಫಿರಂಗಿಗೂ ಒಣ ಚಳಿಯೇ ಬೇಕು. ಇದನ್ನೆಲ್ಲ ನಾನು ಕೈ ಆಡಿಸಿ ಹೇಳಿ ಮುಗಿಸಿದಾಗ ಮೇಘಾ ಅಲ್ಲಿರಲಿಲ್ಲ. ಆಗಲೇ ಕೆಳಗೆ ಜಾರಿ ಹೋಗಿದ್ದಳು. ಒಬ್ಬ ಹಾಲೆಂಡಿನ ಮುದುಕ ಮಾತ್ರ ನಿಂತು ವಿನಯದಿಂದ ತಲೆದೂಗುತ್ತಿದ್ದ. ನಾನು ಹೇಳಿದ್ದು ಕನ್ನಡದಲ್ಲಿ.

ರವೆಯ ಮೇಲೆ ಜಾರುವುದು ಹೇಗಿರುತ್ತದೆ? ಶಾಲೆಯಿಂದ ಹೋಗಿ ಕಲಿತ ಮೇಘಾಳಂಥವರಿಗೆ ಹಬ್ಬ. ನೆಲ ಗಟ್ಟಿ, ಸಮ, ಚುರುಕು. ಬೆಳಗಿನಿಂದ ಸಂಜೆಯವರೆಗೆ ನೂರಾರು ಜನ ಉಜ್ಜಿದರೂ ಸವೆಯುವುದಿಲ್ಲ. ಆಕಾಶದ ಹಿಮವಾದರೆ ಮಧ್ಯಾಹ್ನದ ಹೊತ್ತಿಗೆ ಕಲಸಿದ ಮುದ್ದೆಯಾಗಿರುತ್ತದೆ. ನನ್ನಂಥವರಿಗೆ ಮಾತ್ರ ಕಷ್ಟ. ಅವಲಕ್ಕಿಯ ಮೇಲೆ ಬಿದ್ದರೆ ಹಾಸಿಗೆಯ ಮೇಲೆ ಬಿದ್ದಂತೆ. ರವೆಯ ಮೇಲೆ ಬಿದ್ದರೆ ಗಾರೆ ನೆಲದ ಮೇಲೆ ಬಿದ್ದಂತೆ. ಅದೂ ಪಟ್ಟಿಯ ಒಳಗೇ ಬೀಳಬೇಕು. ಬಿಳಿಯ ಪಟ್ಟಿ ಮುಗಿದಲ್ಲಿ ಹಿಮ ನಿಧಾನವಾಗಿ ತೆಳುವಾಗುತ್ತ ಹೋಗುವುದಿಲ್ಲ, ಕತ್ತರಿಸಿದ ಹಾಗೆ ಮುಗಿದು ಕೆಸರು ಶುರುವಾಗುತ್ತದೆ. ನಾನು ಎರಡು ಸಲ ಪಟ್ಟಿ ದಾಟಿ ಹುಲ್ಲಿಗೆ ಹೋದೆ. ಜರ್ಮನಿಯಲ್ಲಿ ಸ್ಕೀ ಮಾಡಿ ಪ್ಯಾಂಟಿಗೆ ಸೆಗಣಿ ಮೆತ್ತಿಕೊಂಡು ಬಂದವರು ಹೆಚ್ಚು ಜನ ಇರಲಾರರು.

ಇಷ್ಟೂ ಸಾಲದೆಂದು ಆ ದಿನ ಯಂತ್ರಗಳನ್ನು ಹಗಲಲ್ಲೇ ಓಡಿಸುತ್ತಿದ್ದರು. ಚಳಿ ಸಿಕ್ಕಾಗ ಹಿಮ ಮಾಡಿಟ್ಟುಕೊಳ್ಳಬೇಕು, ನಾಳೆ ಸಿಗುತ್ತದೆಂದು ಹೇಳಲಾಗುವುದಿಲ್ಲ ಎಂದು ಮೇಸ್ತ್ರಿ ಹೇಳಿದ. ಹಾಗಾಗಿ ಇಳಿಯುವವರೆಲ್ಲ ಫಿರಂಗಿಗಳ ಬಾಯಿಯ ಮುಂದೆಯೇ ಹಾಯಬೇಕಿತ್ತು. ಆ ಬಿಳಿ ಮೋಡದೊಳಗೆ ಹೊಕ್ಕರೆ ಹತ್ತು ಮಾರು ದೂರ ಏನೂ ಕಾಣುವುದಿಲ್ಲ. ಕನ್ನಡಕದ ಮೇಲೆ ಹನಿ ಕೂತು ಗಾಜಿಗೆ ಗಾಜು ಬೆಳೆಯುತ್ತದೆ. ಮೀಸೆ ಬಿಳಿಯಾಗುತ್ತದೆ. ಆಗತಾನೇ ಬಿದ್ದ ಹಿಮ ಇನ್ನೂ ಒದ್ದೆ ಇರುವುದರಿಂದ ಕಾಲಿನ ಸ್ಕೀ ಹಲಗೆಗಳು ಇದ್ದಕ್ಕಿದ್ದಂತೆ ಕಚ್ಚಿಕೊಳ್ಳುತ್ತವೆ. ಕಾಲು ನಿಂತು, ಮೈ ಮುಂದೆ ಹೋಗುತ್ತದೆ. ಎಲ್ಲರೂ ತಲೆ ತಗ್ಗಿಸಿ, ಉಸಿರು ಬಿಗಿಹಿಡಿದು, ಹೇಗೋ ಹಾದು ಆಚೆ ಹೋಗುತ್ತಾರೆ. ವೇಣಿ ಒಬ್ಬಳೇ ಸ್ಕೀ ಬಿಚ್ಚಿಟ್ಟು, ಬೇಕೆಂದೇ ನಡೆದು ಅದರೊಳಗೆ ಹೋಗಿ ನಿಂತಳು. ಚಿಕ್ಕವಳಿದ್ದಾಗ ಮುನಿಸಿಪಾಲಿಟಿಯ ಸೊಳ್ಳೆ ಹೊಗೆಯ ಗಾಡಿ ಓಣಿಗೆ ಬಂದರೆ ಮಕ್ಕಳೆಲ್ಲ ಅದರ ಹಿಂದೆ ಓಡುತ್ತಿದ್ದರಂತೆ. ಹೊಗೆಯೊಳಗೆ ಕೈ ಚಾಚಿ, ತಮ್ಮ ಕೈ ತಮಗೇ ಕಾಣದಿರುವುದನ್ನು ನೋಡುವುದೇ ಆಟ. ಸುಮಾರು ಮೂವತ್ತೈದು ವರ್ಷಗಳ ಮೇಲೆ ಗಾಡಿ ಮತ್ತೆ ಬಂದಿತ್ತು, ಇವಳು ಬಿಟ್ಟಾಳೆಯೇ? ಮೋಡದೊಳಗಿಂದ ಅವಳ ನಗು ಮಾತ್ರ ಕೇಳುತ್ತಿತ್ತು. ಸಂಜೆ ಹೊರಡುವಾಗ ಮೇಸ್ತ್ರಿ ಅವಳಿಗೆ ಕೈ ಬೀಸಿ, “ಹೋಗಿ ಬನ್ನಿ, ಕಲಾವಿದೆ!” ಎಂದು ಜರ್ಮನ್‌ನಲ್ಲಿ ಕೂಗಿದ.

ಸೋಮವಾರ ಬೆಳಿಗ್ಗೆ ಕ್ಲಾಸಿನಲ್ಲಿ ಅವಳಿಗೆ ತಲೆನೋವು ಬಂತು. ಮೆದುಳಿನ ಒಂದು ರಕ್ತನಾಳ ಒಡೆದಿತ್ತು. ಬುಧವಾರ ಹೋದಳು. ಇದನ್ನು ಇಷ್ಟಕ್ಕಿಂತ ಉದ್ದವಾಗಿ ಬರೆಯಲು ನನಗೆ ಬರುವುದಿಲ್ಲ.

ಆಮೇಲಿನ ಒಂದು ವರ್ಷದಲ್ಲಿ ನಮ್ಮ ಮನೆಯಲ್ಲಿ ಕನ್ನಡ ನಿಂತುಹೋಯಿತು. ಯಾರೂ ನಿಲ್ಲಿಸಲಿಲ್ಲ, ತಾನಾಗಿ ನಿಂತಿತು. ಮೊದಲು ಮೇಘಾ ಅಮ್ಮನ ಜೊತೆ ಅರ್ಧ ಕನ್ನಡ, ಅರ್ಧ ಜರ್ಮನ್ ಸೇರಿಸಿ ಮಾತಾಡುತ್ತಿದ್ದಳು. ಈಗ ನಾನು ಕನ್ನಡದಲ್ಲಿ ಕೇಳಿದರೆ ಜರ್ಮನ್‌ನಲ್ಲಿ ಉತ್ತರ ಕೊಡುತ್ತಿದ್ದಳು. ಮುನಿಸಿರಲಿಲ್ಲ. ಕನ್ನಡ ಬಾಯಿಗೆ ಬಂದರೆ ಅದರ ಹಿಂದೆಯೇ ಅಮ್ಮನೂ ಬಂದುಬಿಡುತ್ತಾಳೆ ಎಂಬ ಹೆದರಿಕೆ ಇತ್ತೋ ಏನೋ. ನಾನೂ ಜರ್ಮನ್‌ಗೆ ಇಳಿದೆ. ಆದರೆ ನನಗೆ ಬರುವುದು ಕಾರ್ಖಾನೆಯ ಜರ್ಮನ್. ವಾಲ್ವು, ಒತ್ತಡ, ಸೋರಿಕೆ, ಕೆಟ್ಟುಹೋಗಿದೆ, ನಾಳೆ ನೋಡೋಣ. ಇಷ್ಟು ಪದಗಳಲ್ಲಿ ತಾಯಿ ಇಲ್ಲದ ಹದಿಮೂರರ ಹುಡುಗಿಯ ಜೊತೆ ಏನು ಮಾತಾಡಲು ಸಾಧ್ಯ? ‘ಶಾಲೆ ಹೇಗಿತ್ತು’ ಎಂದರೆ ‘ಗೂಟ್’, ಎಂದರೆ ಚೆನ್ನಾಗಿತ್ತು. ‘ಊಟ ಹೇಗಿದೆ’ ಎಂದರೆ ‘ಗೂಟ್’. ಊಟ ಖಂಡಿತ ಚೆನ್ನಾಗಿರಲಿಲ್ಲ, ಮಾಡಿದವನು ನಾನು. ಇನ್ನೊಂದು ವರ್ಷ ಹೀಗೆ ಹೋದರೆ ಒಂದೇ ಮನೆಯಲ್ಲಿ ಇಬ್ಬರು ಸಭ್ಯ ಬಾಡಿಗೆದಾರರಾಗುತ್ತೇವೆ ಎಂಬ ಭಯ ನನಗೆ ಹುಟ್ಟಿತು. ಇಲ್ಲಿಯ ಬಾಡಿಗೆದಾರರಾದರೂ ಕಸದ ಡಬ್ಬಿಯ ವಿಷಯಕ್ಕೆ ಜಗಳವಾಡುತ್ತಾರೆ. ನಮಗೆ ಜಗಳವಾಡುವಷ್ಟು ಭಾಷೆಯೂ ಇರಲಿಲ್ಲ.

ಜನವರಿಯಲ್ಲಿ ಒಂದು ದಿನ ಮೇಘಾ ಫೋನನ್ನು ನನ್ನ ಮುಂದೆ ಹಿಡಿದಳು. ಸ್ಕೀ ತಾಣದವರು ಗುಡ್ಡದ ಮೇಲೆ ಕ್ಯಾಮೆರಾ ಇಟ್ಟಿದ್ದಾರೆ. ಈಗ ಜನ ಹಿಮ ಬಿದ್ದಿದೆಯೇ ಎಂದು ಕಿಟಕಿಯಾಚೆ ನೋಡುವುದಿಲ್ಲ, ಇದನ್ನು ನೋಡುತ್ತಾರೆ. ಕಂದು ಗುಡ್ಡದ ನಡುವೆ ಅದೇ ಬಿಳಿ ಪಟ್ಟಿ. ಫಿರಂಗಿಗಳು ಓಡುತ್ತಿವೆ, ಶನಿವಾರ ಹೋಗೋಣ ಎಂದಳು. ನಾನು ಮಂಡಿ ಎಂದೆ. ಮುಂದಿನ ವಾರ ಟಯರು ಎಂದೆ. ಅದರ ಮುಂದಿನ ವಾರ ಮಳೆ ಎಂದೆ. ಆ ಜಾಗದಲ್ಲಿ ನಮ್ಮ ಕೊನೆಯ ಸಾಧಾರಣ ದಿನ ಇದೆ, ಅದರ ಮೇಲೆ ಕಾಲಿಡಲು ನನಗಾಗುವುದಿಲ್ಲ ಎಂಬುದನ್ನು ಕಾರ್ಖಾನೆಯ ಜರ್ಮನ್‌ನಲ್ಲಿ ಹೇಳಲು ಬರುವುದಿಲ್ಲ. ನಾಲ್ಕನೆಯ ವಾರ ಅವಳು, ನೀನು ಬರದಿದ್ದರೆ ನಾನೊಬ್ಬಳೇ ಬಸ್ಸಿನಲ್ಲಿ ಹೋಗುತ್ತೇನೆ ಎಂದಳು. ಮುಖ ನೋಡಿದರೆ ಹೋಗುವ ಹಾಗೇ ಇತ್ತು. ಹೊರಟೆವು. ಮೂರು ಗಂಟೆಯ ದಾರಿಯಲ್ಲಿ ಅವಳು ಕಿವಿಗೆ ಹಾಡು ತುರುಕಿಕೊಂಡು ಕೂತಿದ್ದಳು, ನಾನು ಇಂಜಿನಿನ ಸದ್ದು ಕೇಳಿಕೊಂಡು ಬಂದೆ. ಇಂಜಿನ್ ಚೆನ್ನಾಗಿತ್ತು.

ಮೇಸ್ತ್ರಿ ನಮ್ಮ ಗುರುತು ಹಿಡಿದ. ಆ ಗುಡ್ಡದಲ್ಲಿ ನಮ್ಮ ಬಣ್ಣದವರು ಕಡಿಮೆ, ಗೇಜು ನೋಡುವ ನಮ್ಮ ಬಣ್ಣದವರು ಇನ್ನೂ ಕಡಿಮೆ. ದೂರದಿಂದಲೇ ಕೈ ಎತ್ತಿ, “ಎಲ್ಲಿ, ಕಲಾವಿದೆ ಬಂದಿಲ್ಲವೇ?” ಎಂದು ಕೂಗಿದ. ಮೇಘಾ ನೆಟ್ಟಗೆ ನಿಂತು, ಅಮ್ಮ ತೀರಿಕೊಂಡರು, ಹೋದ ವರ್ಷ, ಇಲ್ಲಿಂದ ಹೋದ ಮೇಲೆ ಎಂದು ಹೇಳಿದಳು.

ಮೇಸ್ತ್ರಿ ಟೋಪಿ ತೆಗೆದ. ಮತ್ತೆ ಹಾಕಿಕೊಂಡ. ಫಿರಂಗಿಯನ್ನು ನೋಡಿದ, ನನ್ನನ್ನು ನೋಡಿದ. ಆಮೇಲೆ, ಈ ವರ್ಷ ನೀರು ಚಿಮ್ಮುವ ಹೊಸ ನಳಿಕೆಗಳನ್ನು ಹಾಕಿಸಿದ್ದೇವೆ ಎಂದ. ಹಳೆಯವು ಕಟ್ಟಿಕೊಳ್ಳುತ್ತಿದ್ದವು. ಇವುಗಳ ತುದಿಗೆ ಬೇರೆ ಲೋಹ. ಫಿಲ್ಟರನ್ನೂ ಬದಲಿಸಿದ್ದೇವೆ. ಗಾಳಿಯ ಒತ್ತಡ ಮೊದಲಿಗಿಂತ ಕಡಿಮೆ ಸಾಕು. ನಾನು ಫಿಲ್ಟರ್ ಎಷ್ಟು ದಿನಕ್ಕೊಮ್ಮೆ ತೊಳೆಯುತ್ತೀರಿ ಎಂದು ಕೇಳಿದೆ. ಅವನು ಹೇಳಿದ. ನಾವಿಬ್ಬರೂ ಯಂತ್ರದ ಹಿಂದೆ ಕುಕ್ಕರಗಾಲಿನಲ್ಲಿ ಕೂತು ಅದರ ಹೊಟ್ಟೆಯೊಳಗೆ ಬೆಳಕು ಬಿಟ್ಟು ನೋಡಿದೆವು. ಆ ವರ್ಷ ನನಗೆ ಬಹಳ ಜನ ಸಮಾಧಾನ ಹೇಳಿದ್ದರು. ಆತ್ಮ ಅಮರ ಎಂದವರಿದ್ದರು, ಕಾಲ ಎಲ್ಲವನ್ನೂ ಮರೆಸುತ್ತದೆ ಎಂದವರಿದ್ದರು. ನಳಿಕೆಯ ವಿಷಯ ಹೇಳಿದವನು ಅವನೊಬ್ಬನೇ. ನನಗೆ ಪೂರ್ತಿ ಅರ್ಥವಾದ ಸಾಂತ್ವನ ಅದು.

ಮೇಘಾ ಮೇಲಕ್ಕೆ ಹೋಗಿಯಾಗಿತ್ತು. ನಾನೂ ಹತ್ತಿ, ನನಗೆ ಗೊತ್ತಿರುವ ಒಂದೇ ಭಂಗಿಯಲ್ಲಿ ಇಳಿಯತೊಡಗಿದೆ. ಎರಡೂ ಹಲಗೆಗಳ ಮೂತಿಯನ್ನು ಸೇರಿಸಿ ಹಿಂಬದಿಯನ್ನು ಅಗಲಿಸುವುದು. ಇಲ್ಲಿಯ ಮಕ್ಕಳಿಗೆ ಇದನ್ನು ಪಿಜ್ಜಾದ ತುಂಡು ಎಂದು ಹೇಳಿಕೊಡುತ್ತಾರೆ. ನಾಲ್ಕು ವರ್ಷದ ಮಕ್ಕಳು ಒಂದು ವಾರದಲ್ಲಿ ಪಿಜ್ಜಾ ಮುಗಿಸಿ ಮುಂದೆ ಹೋಗುತ್ತಾರೆ. ನಾನು ಅದರಲ್ಲೇ ನೆಲೆಸಿದ್ದೇನೆ.

ಅರ್ಧ ಇಳಿಜಾರಿನಲ್ಲಿ ದೊಡ್ಡ ಫಿರಂಗಿ ಇತ್ತು. ಅದರ ಮೋಡದೊಳಗೆ ಹೊಕ್ಕೆ. ಕನ್ನಡಕ ಮುಚ್ಚಿಹೋಯಿತು. ಹೊಸ ಹಿಮ ಹಲಗೆಗಳನ್ನು ಕಚ್ಚಿ ಹಿಡಿಯಿತು. ನಿಂತುಬಿಟ್ಟೆ. ನಡು ದಾರಿಯಲ್ಲಿ, ಮೋಡದ ಹೊಟ್ಟೆಯಲ್ಲಿ, ಸ್ಕೀ ಮಾಡುವವರು ಎಲ್ಲಿ ನಿಲ್ಲಲೇಬಾರದೋ ಸರಿಯಾಗಿ ಅಲ್ಲಿ. ಕಿವಿಯ ತುಂಬ ಫ್ಯಾನಿನ ಮೊರೆತ. ಅದು ಒಂದು ವಿಚಿತ್ರ ಜಾಗ. ಮೇಲು ಕೆಳಗು ಗೊತ್ತಾಗುವುದಿಲ್ಲ. ಕೈ ಚಾಚಿ ನೋಡಿದೆ. ನನ್ನ ಕೈ ನನಗೆ ಕಾಣಲಿಲ್ಲ. ಎಷ್ಟು ಹೊತ್ತು ಹಾಗೆ ನಿಂತೆನೋ ತಿಳಿಯದು.

ಹಿಂದಿನಿಂದ ಯಾರೋ ಕೂಗುತ್ತಿದ್ದರಂತೆ. ಜರ್ಮನ್‌ನಲ್ಲಿ ಎಚ್ಚರಿಕೆ ಎಂದು ಒಂದು ಸಲ, ಪಪ್ಪಾ ದಾರಿ ಬಿಡು ಎಂದು ಇನ್ನೊಂದು ಸಲ. ನನಗೆ ಒಂದೂ ಕೇಳಿಸಲಿಲ್ಲ. ಮೊರೆತದಲ್ಲಿ ಜರ್ಮನ್ ನನಗೆ ಇನ್ನೊಂದು ಮೊರೆತ. ಆಮೇಲೆ ಕಿವಿಯ ಪಕ್ಕದಲ್ಲೇ ಹೇಳಿದ ಹಾಗೆ ಕೇಳಿತು:

“ರೀ! ಸರ್ಕೊಳ್ರೀ ಆ ಕಡಿಗೆ! ಎಲ್ಲಿ ನಿಂತೀರಿ?”

ಆ ‘ರೀ’ಗೆ ಓಗೊಟ್ಟು ಹದಿನಾರು ವರ್ಷ ಪಳಗಿದ ದೇಹ. ತಲೆ ಯೋಚಿಸುವ ಮೊದಲೇ ಕಾಲು ಸರಿಯಿತು. ಹಲಗೆ, ಕೋಲು, ನಾನು ಎಲ್ಲ ಒಟ್ಟಾಗಿ ಬಲಕ್ಕೆ ಉರುಳಿ ಪಟ್ಟಿಯಾಚೆಯ ಕೆಸರಿಗೆ ಬಿದ್ದೆವು. ನಾನು ನಿಂತಿದ್ದ ಜಾಗದ ಮೇಲೆ ಮೇಘಾ ಸುಯ್ಯೆಂದು ಹಾದುಹೋಗಿ, ಕೆಳಗೆ ತಿರುಗಿ ನಿಂತು, ಹಲಗೆ ಬಿಚ್ಚಿ ಓಡಿ ಬಂದಳು. ಒಂದು ಕ್ಷಣ ನನ್ನನ್ನು ನೋಡಿದಳು. ಕೆಸರು, ಹುಲ್ಲು, ಬಿಳಿಯಾದ ಮೀಸೆ. ಆಮೇಲೆ ನಗತೊಡಗಿದಳು. ಹೊಟ್ಟೆ ಹಿಡಿದುಕೊಂಡು, ಹಿಮದ ಮೇಲೆ ಕೂತು, ಕಣ್ಣಲ್ಲಿ ನೀರು ಬರುವವರೆಗೆ. ನೀರು ಬಂದ ಮೇಲೆ ನಗು ಯಾವಾಗ ನಿಂತಿತೋ, ಅಳು ಯಾವಾಗ ಶುರುವಾಯಿತೋ ನಮ್ಮಿಬ್ಬರಿಗೂ ತಿಳಿಯಲಿಲ್ಲ.

“ನನ್ನನ್ನ ಏನಂತ ಕರೆದೆ?” ಎಂದೆ.

“ರೀ ಅಂದೆ.” ಮೂಗು ಒರೆಸಿಕೊಂಡಳು. “ಅಮ್ಮ ಕರೀತಿದ್ರಲ್ಲ ಹಂಗೆ. ಪಪ್ಪಾ ಅಂದ್ರೆ ನಿಮ್ಗೆ ಕೇಳ್ಸೋದೇ ಇಲ್ಲ. ರೀ ಅಂದ್ರೆ ಆಲ್ವೇಸ್ ಕೇಳ್ಸತ್ತೆ.”

“ಅಪ್ಪನಿಗೆ ರೀ ಅನ್ಬಾರ್ದು ಕಣೇ. ಹೆಂಡ್ತಿ ಗಂಡನ್ನ ಕರೆಯೋದು ಅದು.”

“ಅಯ್ಯೋ! ಟೋಟಾಲ್ ಪೈನ್‌ಲಿಶ್!” ಎಂದು ಸುತ್ತ ನೋಡಿದಳು. ಹಾಲೆಂಡಿನವರು ಯಾರಿಗೂ ಅರ್ಥವಾದಂತೆ ಕಾಣಲಿಲ್ಲ. “ಹಂಗಾರೆ ಮೊದ್ಲೇ ಹೇಳ್ಬೇಕಿತ್ತಲ್ರಿ!”

ಆ ‘ಕಡಿಗೆ’, ಆ ‘ಹೇಳ್ಬೇಕಿತ್ತಲ್ರಿ’ ಎರಡೂ ತುಮಕೂರಿನವಲ್ಲ, ಶುದ್ಧ ದಾವಣಗೆರೆಯವು. ನನಗೆ ಆಗ ಹೊಳೆಯಿತು. ಈ ಹುಡುಗಿಗೆ ಕನ್ನಡವನ್ನು ಯಾರೂ ಕಲಿಸಿರಲಿಲ್ಲ. ಅವಳ ಅಮ್ಮ ನನ್ನ ಮೇಲೆ ರೇಗುವುದನ್ನು, ನನ್ನನ್ನು ಕರೆಯುವುದನ್ನು, ಹಂಗಿಸುವುದನ್ನು ಪಕ್ಕದ ಕೋಣೆಯಿಂದ ಕೇಳಿಸಿಕೊಂಡು ಕಲಿತಿದ್ದಳು. ಅವಳ ಕನ್ನಡವೆಂದರೆ ಒಬ್ಬ ಹೆಂಡತಿ ಒಬ್ಬ ಗಂಡನ ಜೊತೆ ಆಡುವ ಕನ್ನಡ. ಅದರಲ್ಲಿ ಗೌರವವಿದೆ, ಭಯವಿಲ್ಲ.

ದಾವಣಗೆರೆಯಲ್ಲಿ ಕನ್ನಡ ಆಕಾಶದಿಂದ ಬೀಳುತ್ತದೆ. ಮಾರುಕಟ್ಟೆಯಲ್ಲಿ, ಬಸ್ಸಿನಲ್ಲಿ, ಸೊಪ್ಪಿನವಳ ಬಾಯಲ್ಲಿ ಸುಮ್ಮನೆ ನಿಂತವರ ಮೇಲೂ ಬೀಳುತ್ತದೆ. ಆಖೆನ್‌ನಲ್ಲಿ ಅದನ್ನು ಮಾಡಬೇಕು. ಕೆಳಗಿನಿಂದ ನೀರೆತ್ತಬೇಕು, ಒತ್ತಡ ಕೊಡಬೇಕು, ಸದ್ದಾಗುತ್ತದೆ, ಮಕ್ಕಳಿಗೆ ನಾಚಿಕೆಯಾಗುತ್ತದೆ. ಅಷ್ಟೆಲ್ಲ ಮಾಡಿದರೂ ಸಿಗುವುದು ಒಂದು ಸಣ್ಣ ಪಟ್ಟಿ. ಆದರೆ ಮೇಸ್ತ್ರಿ ಹೇಳಿದ ಒಂದು ಮಾತುಂಟು. ಮಾರ್ಚ್ ತಿಂಗಳಲ್ಲಿ ಸುತ್ತಲಿನ ಹಿಮವೆಲ್ಲ ಕರಗಿ, ಹುಲ್ಲು ಚಿಗುರಿ, ಕುರಿಗಳು ಬಂದ ಮೇಲೂ ಯಂತ್ರ ಹಾಕಿದ ಪಟ್ಟಿ ಉಳಿದಿರುತ್ತದಂತೆ. ಮಾಡಿದ್ದು ಗಟ್ಟಿ. ನಮ್ಮ ಮನೆಯ ಕಂಪ್ರೆಸರ್ ನಾನೆಂದು ತಿಳಿದುಕೊಂಡಿದ್ದೆ. ನಾನು ಬರೀ ಗೇಜು ನೋಡುತ್ತಿದ್ದವನು.

ಅಂದು ವಾಪಸ್ ಬರುವಾಗ ಮೇಘಾ ಕಿವಿಗೆ ಏನೂ ಹಾಕಿಕೊಳ್ಳಲಿಲ್ಲ. ಗುಡ್ಡ ಇಳಿಯುವವರೆಗೆ ನನ್ನ ಸ್ಕೀ ಭಂಗಿಯನ್ನು, ಅಲ್ಲಿಂದ ಹೆದ್ದಾರಿಯವರೆಗೆ ನನ್ನ ಅಡುಗೆಯನ್ನು ಆಡಿಕೊಂಡಳು. ನನ್ನ ಸಾರು ಒಂದು ವರ್ಷದಿಂದ ‘ಗೂಟ್’ ಆಗಿರಲಿಲ್ಲ ಎಂದು ಅಧಿಕೃತವಾಗಿ ತಿಳಿಯಿತು. ಅರ್ಧ ಜರ್ಮನ್, ಅರ್ಧ ಕನ್ನಡ. ನಡುವೆ ನಾಲ್ಕೈದು ಸಲ ‘ರೀ’ ಬಂತು. ಪ್ರತಿಸಲವೂ ನಾಲಿಗೆ ಕಚ್ಚಿಕೊಂಡು ‘ಅಪ್ಪಾ’ ಎಂದು ತಿದ್ದಿಕೊಂಡಳು. ನಾನು ತಿದ್ದಲಿಲ್ಲ.

ಕಾರಿನ ಹೀಟರಿನ ಬಾಯಿಗೆ ಬೆರಳು ಹಿಡಿದುಕೊಂಡು ಕೂತಿದ್ದಳು. ಚಳಿಯಲ್ಲಿ ಮರಗಟ್ಟಿದ ಬೆರಳಿಗೆ ಬಿಸಿ ತಾಗಿದಾಗ ಒಂದು ಥರ ನೋವು ಬರುತ್ತದಲ್ಲ, ಚುಚ್ಚುವುದು, ಉರಿಯುವುದು, ತುರಿಸುವುದು ಎಲ್ಲ ಒಟ್ಟಿಗೇ, ಅದು ಶುರುವಾಗಿತ್ತು.

“ಇದಕ್ಕೆ ಅಮ್ಮ ಏನೋ ಒಂದು ವರ್ಡ್ ಅಂತಿದ್ರು” ಎಂದಳು. “ಫನ್ನಿ ವರ್ಡ್. ಏನದು?”

ಜೋಮು ಎಂದೆ. ಅಲ್ಲ ಎಂದಳು. ಜುಮುಜುಮು ಎಂದೆ. ಅಲ್ಲ. ಚುರುಗುಟ್ಟುವುದು, ಮರಗಟ್ಟುವುದು, ಸೆಡೆ. ಒಂದೂ ಅಲ್ಲ. ಅದು ಕೇಳಿದರೆ ನಗು ಬರುವ ಪದವಂತೆ, ಅಮ್ಮ ಅದನ್ನು ಹೇಳುತ್ತ ಬೆರಳುಗಳನ್ನು ತನ್ನ ಕೈಯೊಳಗೆ ಇಟ್ಟು ಉಜ್ಜುತ್ತಿದ್ದಳಂತೆ. ಮರುದಿನ ದಾವಣಗೆರೆಗೆ ಫೋನ್ ಮಾಡಿ ಅತ್ತೆಯವರನ್ನು ಕೇಳಿದೆ. ಅವರು ನಾಲ್ಕು ಪದ ಹೇಳಿದರು. ಮೇಘಾ ನಾಲ್ಕಕ್ಕೂ ತಲೆಯಾಡಿಸಿದಳು. ವೇಣಿ ತಾನೇ ಕಟ್ಟಿದ ಪದವಿರಬೇಕು.

ಆ ಪದ ನನಗೆ ಗೊತ್ತಿಲ್ಲ. ಮೇಘಾಳಿಗೆ ನೆನಪಿಲ್ಲ. ನಮ್ಮ ಮನೆಯಲ್ಲಿ ಈಗ ಅದು ಇಲ್ಲ.